ಓದುವಾಗಿನ ನಷ್ಟ, ಕೆಲಸ ಸಿಕ್ಕ ಮೇಲಿನ ತೆರಿಗೆ

"ಸರ್, ನನಗೆ ಬಂದಿದ್ದೇ ನಷ್ಟ. ಅದಕ್ಕೂ ರಿಟರ್ನ್ಸ್ ಹಾಕಬೇಕಾ?"

ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಹುಡುಗ ಹುಡುಗಿಯರು ಜುಲೈ ತಿಂಗಳಲ್ಲಿ ಆಡಿಟರ್ ಕಚೇರಿಗೆ ಬಂದು ಕೇಳುವುದು ಇದನ್ನೇ. ಕಾಲೇಜಿನ ದಿನಗಳಲ್ಲಿ ಷೇರಿನ ಹುಚ್ಚು ಹತ್ತಿರುತ್ತದೆ. ಸ್ಕಾಲರ್‌ಶಿಪ್ ಹಣವೋ ಅಜ್ಜಿ ಕೊಟ್ಟ ಹಣವೋ ಹಾಕಿರುತ್ತಾರೆ, ಕಳೆದುಕೊಂಡಿರುತ್ತಾರೆ, "ಅದು ಮುಗಿದ ಕಥೆ" ಎಂದುಕೊಂಡಿರುತ್ತಾರೆ. ಈಗ ಸಂಬಳ ಬರುತ್ತಿದೆ, ಷೇರಿನಲ್ಲಿ ಲಾಭವೂ ಆಗಿದೆ. ಹಳೆಯ ನಷ್ಟವನ್ನು ಇದರಲ್ಲಿ ಕಳೆಯಬಹುದು ಎಂದು ಯಾರೋ ಹೇಳಿದ್ದಾರೆ. ಕಳೆಯಬಹುದಿತ್ತು, ಆ ವರ್ಷವೇ ಅದನ್ನು ರಿಟರ್ನ್ಸಿನಲ್ಲಿ ತೋರಿಸಿದ್ದರೆ.

ಆದಾಯ ವಿನಾಯಿತಿ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ರಿಟರ್ನ್ಸ್ ಕಡ್ಡಾಯವಲ್ಲ, ನಿಜ. ಆದರೆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬೇಕಾದರೆ ಕೊನೆಯ ದಿನಾಂಕದೊಳಗೆ ರಿಟರ್ನ್ಸ್ ಹಾಕಲೇಬೇಕು. ಡಿಸೆಂಬರ್ 31ರವರೆಗೆ ತಡವಾಗಿ ಹಾಕಲು ಅವಕಾಶವಿದೆ. ಹಾಗೆ ಹಾಕಿದರೆ ಷೇರಿನ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಅಪ್‌ಡೇಟೆಡ್ ರಿಟರ್ನ್ (ಆ ಗಡುವಿನ ನಂತರವೂ ಹಾಕಬಹುದಾದ ರಿಟರ್ನ್) ಹಾಕಿ ಹೊಸದಾಗಿ ನಷ್ಟ ತೋರಿಸುತ್ತೇನೆ ಎಂದರೂ ಆಗದು. ವಿಳಂಬ ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕುವ ದಾರಿ ಇದೆ, ಆದರೆ "ಸೆಮಿಸ್ಟರ್ ಪರೀಕ್ಷೆ ಇತ್ತು" ಎಂಬ ಕಾರಣ ಅಲ್ಲಿ ನಿಲ್ಲುತ್ತದೆ ಎಂದು ನಾನಂತೂ ಭರವಸೆ ಕೊಡಲಾರೆ.

ಲೆಕ್ಕ ಹಾಕಿ ನೋಡಿ. 2024-25ರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಡೆಲಿವರಿ ಷೇರುಗಳಲ್ಲಿ (ಕೊಂಡ ದಿನವೇ ಮಾರದೆ ಖಾತೆಯಲ್ಲಿ ಇಟ್ಟುಕೊಂಡ ಷೇರುಗಳು) ₹60,000 ಅಲ್ಪಾವಧಿ ನಷ್ಟ, ಅಂದರೆ ಹನ್ನೆರಡು ತಿಂಗಳೊಳಗೆ ಮಾರಿ ಆದ ನಷ್ಟ. 2026-27ರಲ್ಲಿ, ಒಳ್ಳೆಯ ಸಂಬಳದ ಜೊತೆಗೆ, ₹60,000 ಅಲ್ಪಾವಧಿ ಲಾಭ. 2024ರ ಜುಲೈ 23ರಿಂದ ಈ ಲಾಭಕ್ಕೆ ತೆರಿಗೆ ಶೇ 20. ಅಂದರೆ ₹12,000, ಮೇಲೆ ಶೇ 4 ಸೆಸ್ ಸೇರಿ ₹12,480. ನಷ್ಟದ ರಿಟರ್ನ್ಸ್ ಸಕಾಲಕ್ಕೆ ಹಾಕಿದ್ದವನಿಗೆ ಈ ಲಾಭದ ಮೇಲೆ ತೆರಿಗೆ ಸೊನ್ನೆ. ಆ ನಷ್ಟ 2032-33ರವರೆಗೂ, ಅಂದರೆ ಎಂಟು ವರ್ಷ, ಅವನ ಖಾತೆಯಲ್ಲಿ ಬದುಕಿರುತ್ತಿತ್ತು.

ಇನ್ನೂ ಒಂದು ಗೊಂದಲ. ಆ್ಯಪಿನ ಪರದೆ ತೋರಿಸಿ "ನೋಡಿ ಸರ್, ಮೈನಸ್ ನಲವತ್ತು ಸಾವಿರ" ಎನ್ನುತ್ತಾರೆ. ಮಾರದೆ ಇಟ್ಟುಕೊಂಡ ಷೇರಿನ ಕೆಂಪು ಅಂಕಿ ತೆರಿಗೆಯ ಲೆಕ್ಕದಲ್ಲಿ ನಷ್ಟವಲ್ಲ. ಮಾರ್ಚ್ 31ರೊಳಗೆ ಮಾರಿರಬೇಕು. ಇದಕ್ಕೆ ತದ್ವಿರುದ್ಧವೂ ಉಂಟು: ಮಾರಿ ಬಂದ ಲಾಭವನ್ನು ಬ್ಯಾಂಕಿಗೆ ತರದೆ ಬೇರೆ ಷೇರಿಗೆ ಹಾಕಿದ್ದೇನೆ, ಆದ್ದರಿಂದ ತೆರಿಗೆ ಇಲ್ಲ ಎನ್ನುವವರು. ಹಣ ಎಲ್ಲಿಗೆ ಹೋಯಿತು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ಮಾರಿದಿರಿ ಅಷ್ಟೆ. ನಷ್ಟ ಲೆಕ್ಕಕ್ಕೆ ಸಿಗಲೆಂದು ಮಾರ್ಚ್ ಕೊನೆಯಲ್ಲಿ ನಷ್ಟಕ್ಕೆ ಮಾರಿ ಅದೇ ಷೇರನ್ನು ಮತ್ತೆ ಕೊಳ್ಳುವವರು ಅದೇ ದಿನ ಕೊಳ್ಳಬೇಡಿ. ಅದೇ ದಿನ ಅದೇ ಎಕ್ಸ್‌ಚೇಂಜಿನಲ್ಲಿ ಮಾರಿ ಕೊಂಡರೆ ಅದು ಇಂಟ್ರಾಡೇ ಆಗಿಬಿಡುತ್ತದೆ, ಹಳೆಯ ಷೇರು ಮಾರಿದಂತೆ ಆಗುವುದಿಲ್ಲ.

ನಷ್ಟಗಳಲ್ಲೂ ಜಾತಿ ಬೇರೆ ಬೇರೆ. ಡೆಲಿವರಿ ಷೇರಿನ ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಗಳಲ್ಲಿ ಕಳೆಯಬಹುದು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಇಂಟ್ರಾಡೇ ನಷ್ಟ ಸಟ್ಟಾ (ಊಹಾ ವ್ಯಾಪಾರದ) ನಷ್ಟ: ಇಂಟ್ರಾಡೇ ಲಾಭದಂಥ ಸಟ್ಟಾ ಲಾಭಕ್ಕೆ ಮಾತ್ರ, ಅದೂ ನಾಲ್ಕೇ ವರ್ಷ. ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ನಷ್ಟ ವ್ಯಾಪಾರದ ನಷ್ಟ: ಅದೇ ವರ್ಷ ಸಂಬಳ ಬಿಟ್ಟು ಬೇರೆ ಆದಾಯದಲ್ಲಿ ಕಳೆಯಬಹುದು, ಮುಂದಿನ ಎಂಟು ವರ್ಷ ವ್ಯಾಪಾರದ ಲಾಭದಲ್ಲಿ ಮಾತ್ರ. ಕ್ರಿಪ್ಟೋ ನಷ್ಟವನ್ನು ಎಲ್ಲಿಯೂ ಕಳೆಯಲು ಬಾರದು. ವಿದ್ಯಾರ್ಥಿಗಳು ಹೆಚ್ಚಾಗಿ ಸುಟ್ಟುಕೊಳ್ಳುವುದು ಆಪ್ಷನ್ಸಿನಲ್ಲಿ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ಕಳೆದುಕೊಂಡಿದ್ದಾರೆಂದು ಷೇರುಪೇಟೆ ನಿಯಂತ್ರಕ ಸೆಬಿಯೇ ಹೇಳಿದೆ. ಆದರೂ ಹಾಸ್ಟೆಲ್ ಕೋಣೆಯಲ್ಲಿ ಕೂತವನಿಗೆ ತಾನು ಉಳಿದ ಶೇ 7ರಲ್ಲಿದ್ದೇನೆಂಬ ನಂಬಿಕೆ!

ಮಾಡಬೇಕಾದ್ದು ಹೆಚ್ಚೇನಿಲ್ಲ. ವರ್ಷ ಮುಗಿದ ಮೇಲೆ ಬ್ರೋಕರ್ ಆ್ಯಪಿನಿಂದ ಟ್ಯಾಕ್ಸ್ ಪಿ ಅಂಡ್ ಎಲ್ (ಲಾಭ-ನಷ್ಟ) ವರದಿ ಇಳಿಸಿಕೊಳ್ಳಿ. ಎರಡು ಮೂರು ಆ್ಯಪುಗಳಲ್ಲಿ ಖಾತೆ ಇದ್ದರೆ ಎಲ್ಲದರದ್ದೂ ಬೇಕು. ಮರೆತ ಖಾತೆಯ ಮಾರಾಟವೂ ಇಲಾಖೆಯ ಎಐಎಸ್‌ನಲ್ಲಿ (ವಾರ್ಷಿಕ ಮಾಹಿತಿ ಪಟ್ಟಿ) ಕಾಣಿಸುತ್ತದೆ. ಡೆಲಿವರಿ ಮಾತ್ರ ಇದ್ದರೆ ರಿಟರ್ನ್ಸ್ ಫಾರಂ ಐಟಿಆರ್-2, ಇಂಟ್ರಾಡೇ ಅಥವಾ ಆಪ್ಷನ್ಸ್ ಒಂದೇ ಒಂದು ಇದ್ದರೂ ಐಟಿಆರ್-3. ಬ್ರೋಕರೇಜನ್ನು ಲೆಕ್ಕದಲ್ಲಿ ಕಳೆಯಬಹುದು, ಆದರೆ ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ) ಕಳೆಯಲು ಬಾರದು. ಸಲ್ಲಿಸುವ ಮುನ್ನ ಫಾರಂನ ಷೆಡ್ಯೂಲ್ ಸಿಎಫ್‌ಎಲ್ (ಮುಂದಕ್ಕೆ ಒಯ್ಯುವ ನಷ್ಟಗಳ ಪಟ್ಟಿ) ತೆರೆದು ನೋಡಿ: ನಿಮ್ಮ ನಷ್ಟದ ಮೊತ್ತ ಅಲ್ಲಿ ಕಾಣದಿದ್ದರೆ ಅದು ಮುಂದಕ್ಕೆ ಹೋಗುತ್ತಿಲ್ಲ ಎಂದೇ ಅರ್ಥ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡಿ. ಬಹಳ ಜನ ಎಡವುವುದು ಇಲ್ಲೇ. ತಡವಾಗಿ ವೆರಿಫೈ ಮಾಡಿದರೆ ಆ ದಿನವನ್ನೇ ಸಲ್ಲಿಕೆಯ ದಿನವೆಂದು ಹಿಡಿಯುತ್ತಾರೆ. ಜುಲೈಯಲ್ಲಿ ಹಾಕಿದ ರಿಟರ್ನ್ಸ್ ಹೀಗೆ ಅಕ್ಟೋಬರಿನದ್ದಾಗಿ, ನಷ್ಟವೂ ಕೈತಪ್ಪುತ್ತದೆ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ, ಫಾರಂನಿಂದ ಫಾರಂಗೆ ಬದಲಾಗಬಹುದು. 2025ರಲ್ಲಿ ಸೆಪ್ಟೆಂಬರ್ 16ರವರೆಗೂ ಎಳೆದರು. ಎಳೆಯುತ್ತಾರೆಂದು ಕಾಯದೆ ಜುಲೈಯಲ್ಲೇ ಮುಗಿಸಿ.

ಅಪ್ಪನ ಹೆಸರಿನ ಖಾತೆಯಲ್ಲಿ ಮಗ ವಹಿವಾಟು ನಡೆಸುವುದೂ ನಮ್ಮಲ್ಲಿ ಸಾಮಾನ್ಯ. ಪ್ಯಾನ್ ಯಾರದ್ದೋ ಲೆಕ್ಕ ಅವರದ್ದು. ಮಗನಿಗೆ ಕೆಲಸ ಸಿಕ್ಕ ಮೇಲೆ ಆ ನಷ್ಟ ಅವನ ಕಡೆಗೆ ಬರುವುದಿಲ್ಲ. ಅಪ್ಪ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಪದೇ ಪದೇ ಷೇರು ಕೊಂಡು ಮಾರುವುದನ್ನು ನಡತೆ ನಿಯಮಗಳು ಸಟ್ಟಾ ಎಂದೇ ನೋಡುತ್ತವೆ, ಅದು ಬೇರೆ ತಲೆನೋವು. ನಿವೃತ್ತರಾದರೂ ಆಪ್ಷನ್ಸ್ ಇದ್ದರೆ ಅವರ ಸರಳ ಐಟಿಆರ್-1 ಹೋಗಿ ಐಟಿಆರ್-3 ಬರುತ್ತದೆ. ಆ ನಷ್ಟವನ್ನು ಪಿಂಚಣಿಯಲ್ಲಿ ಕಳೆಯಲು ಬಾರದು. ಎಫ್‌ಡಿ ಬಡ್ಡಿ ಇದ್ದರೆ ಅದೇ ವರ್ಷ ಅದರಲ್ಲಿ ಕಳೆಯಬಹುದು.