ವರ್ಷಕ್ಕೊಂದೇ ಬೆಳೆ: ಚಿಪ್ತಗೆಲಾರಿನ ಭತ್ತ, ಹುಳು ಮತ್ತು ಕೃತ್ತಿಕೆ

ಇಂಡೊನೇಷ್ಯಾದ ಪಶ್ಚಿಮ ಜಾವಾದಲ್ಲಿ ಹಲಿಮುನ್ ಅನ್ನುವ ಬೆಟ್ಟಸಾಲಿದೆ. ಅದರ ಇಳಿಜಾರಿನಲ್ಲಿ, ಸುಕಬೂಮಿ ಜಿಲ್ಲೆಯ ಕಾಡಿನ ಮಗ್ಗುಲಿಗೆ ಚಿಪ್ತಗೆಲಾರ್ ಎಂಬ ಹಳ್ಳಿ. ಸುಂಡಾ ಭಾಷೆ ಮಾತಾಡುವ ರೈತರ ಊರು. ಅವರ ಹಿರಿಯರು ಬೆಟ್ಟದಿಂದ ಬೆಟ್ಟಕ್ಕೆ ಊರನ್ನೇ ಎತ್ತಿಕೊಂಡು ಹೋದವರು. ಈಗಿರುವ ಜಾಗಕ್ಕೆ ಬಂದದ್ದು 2000ದ ಆಸುಪಾಸಿನಲ್ಲಿ. ಆದರೆ ತಮ್ಮ ಪರಂಪರೆಯನ್ನು ಅವರು ಎಣಿಸುವುದು 1368ರಿಂದ.

ಈ ಊರಿನಲ್ಲಿ ಭತ್ತಕ್ಕೆ ಕಟ್ಟುಪಾಡು ಜಾಸ್ತಿ. ವರ್ಷಕ್ಕೆ ಒಂದೇ ಬೆಳೆ ತೆಗೆಯಬೇಕು. ಬೆಳೆದ ಅಕ್ಕಿಯನ್ನು ಮಾರುವಂತಿಲ್ಲ. ಮಿಲ್ಲಿಗೆ ಹಾಕುವಂತಿಲ್ಲ, ಒರಳಿಗೆ ಹಾಕಿ ಒನಕೆಯಲ್ಲೇ ಕುಟ್ಟಬೇಕು. ಗದ್ದೆಗೆ ಇಳಿಯುವ ಹೊತ್ತನ್ನು ಆಕಾಶ ನೋಡಿ ತೀರ್ಮಾನಿಸಬೇಕು. ಯಾಕೆ ಎಂದರೆ, ಭೂಮಿತಾಯಿ ವರ್ಷಕ್ಕೊಮ್ಮೆ ಮಾತ್ರ ಹೆರುತ್ತಾಳೆ ಎನ್ನುತ್ತಾರೆ.

ಇದನ್ನು ಕೇಳಿದ ಕೂಡಲೇ ಒಬ್ಬರು ಮೂಢನಂಬಿಕೆ ಎನ್ನುತ್ತಾರೆ. ಇನ್ನೊಬ್ಬರು ‘ನೋಡಿ, ಹಿರಿಯರಿಗೆ ವಿಜ್ಞಾನವೆಲ್ಲ ಮೊದಲೇ ಗೊತ್ತಿತ್ತು’ ಎಂದು ಕೈಮುಗಿಯುತ್ತಾರೆ. ನನಗೆ ಎರಡೂ ಮಾತು ಸಾಕಾಗಿದೆ. ಇಬ್ಬರೂ ಗದ್ದೆಯೊಳಗೆ ಏನು ನಡೆಯುತ್ತದೆ ಎಂದು ನೋಡುವುದೇ ಇಲ್ಲ. ಇನ್ನು ಈ ಊರಿನವರು ಯಂತ್ರಗಳಿಗೆ ಹೆದರುವವರೂ ಅಲ್ಲ. 1997ರಲ್ಲೇ ತೊರೆಯ ನೀರಿನಿಂದ ಕಿರು ವಿದ್ಯುತ್ ಘಟಕ ನಡೆಸಿದವರು. 2008ರಲ್ಲಿ ತಮ್ಮದೇ ಟಿವಿ ಚಾನೆಲ್ ಶುರು ಮಾಡಿದವರು. ಭತ್ತದ ವಿಷಯದಲ್ಲಿ ಮಾತ್ರ ಜಗ್ಗುವುದಿಲ್ಲ.

ಗದ್ದೆಯೊಳಗಿನ ಕಥೆ ಶುರುವಾಗುವುದು ಒಂದು ಹುಳುವಿನಿಂದ. ಕಂದು ಜಿಗಿಹುಳು. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಅಕ್ಕಿಕಾಳಿಗಿಂತಲೂ ಚಿಕ್ಕದು. ಪೈರಿನ ಬುಡದಲ್ಲಿ, ನೀರಿನಿಂದ ತುಸು ಮೇಲೆ ಗುಂಪುಗುಂಪಾಗಿ ಕೂತು ರಸ ಹೀರುತ್ತದೆ. ಮೇಲಿನಿಂದ ನೋಡಿದರೆ ಪೈರು ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ಬುಡ ಬಿಡಿಸಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಕೆಲವೇ ದಿನಗಳಲ್ಲಿ ಗದ್ದೆಯ ನಡುವೆ ಸುಟ್ಟ ಹಾಗೆ ಒಣಗಿದ ದುಂಡನೆಯ ತೇಪೆ ಏಳುತ್ತದೆ, ಅದು ಹಿಗ್ಗುತ್ತಾ ಹೋಗುತ್ತದೆ.

ಈ ಹುಳುವಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಭತ್ತ ಬಿಟ್ಟರೆ ಅದಕ್ಕೆ ಬೇರೆ ಊಟವೇ ಇಲ್ಲ ಎನ್ನಬಹುದು. ಮೊಟ್ಟೆಯಿಂದ ಮೊಟ್ಟೆಗೆ ಒಂದು ತಲೆಮಾರು ಮುಗಿಯಲು ಸುಮಾರು ನಾಲ್ಕು ವಾರ ಸಾಕು, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ಬೆಳೆಯ ಅವಧಿಯಲ್ಲೇ ಮೂರ್ನಾಲ್ಕು ತಲೆಮಾರು ಎದ್ದುಬಿಡುತ್ತವೆ. ಆಮೇಲೆ ಕೊಯ್ಲು. ಈಗ ಗದ್ದೆ ತಿಂಗಳುಗಟ್ಟಲೆ ಖಾಲಿ ಬಿದ್ದರೆ ಹುಳು ಉಪವಾಸ ಸಾಯಬೇಕು. ಅದೇ ಪಕ್ಕದ ಗದ್ದೆಯಲ್ಲಿ ಎಳೆಯ ಪೈರಿದ್ದರೆ? ಇಲ್ಲಿ ಹುಳುವಿನ ಜಾಣತನ ನೋಡಬೇಕು. ಗುಂಪು ದಟ್ಟವಾಗಿ, ಪೈರು ಸೊರಗಲು ಶುರುವಾದರೆ ಮುಂದಿನ ಪೀಳಿಗೆಯಲ್ಲಿ ಉದ್ದ ರೆಕ್ಕೆಯ ಹುಳುಗಳು ಹೆಚ್ಚುತ್ತವೆ. ಊಟ ಚೆನ್ನಾಗಿದ್ದಾಗ ಗಿಡ್ಡ ರೆಕ್ಕೆ, ಕೂತಲ್ಲೇ ಸಂಸಾರ. ಊಟ ಮುಗಿಯುತ್ತಾ ಬಂದಾಗ ಉದ್ದ ರೆಕ್ಕೆ, ಹಾರಿ ಹೊರಡು. ವರ್ಷಕ್ಕೆ ಎರಡು ಮೂರು ಬೆಳೆ, ಅದೂ ಒಬ್ಬೊಬ್ಬರು ಒಂದೊಂದು ದಿನ ನಾಟಿ ಮಾಡುವ ಬಯಲು ಅದರ ಪಾಲಿಗೆ ಬಾಗಿಲೇ ಮುಚ್ಚದ ಅನ್ನಛತ್ರ.

ಹಾಗಾಗಿ ಒಬ್ಬ ರೈತ ಮಾತ್ರ ಗದ್ದೆ ಖಾಲಿ ಬಿಟ್ಟರೆ ಏನೂ ಉಪಯೋಗವಿಲ್ಲ. ಇಡೀ ಕಣಿವೆ ಒಟ್ಟಿಗೆ ಬಿಡಬೇಕು, ಒಟ್ಟಿಗೆ ನೆಡಬೇಕು. ಚಿಪ್ತಗೆಲಾರಿನ ಕಟ್ಟುಪಾಡು ಮಾಡುವುದು ಇದನ್ನೇ. ಭೂಮಿತಾಯಿಯ ಹೆರಿಗೆಯ ಕಥೆ ಹುಳುವನ್ನು ಕೊಲ್ಲುವುದಿಲ್ಲ. ಆ ಕಥೆಯನ್ನು ಊರೆಲ್ಲ ಒಪ್ಪಿರುವುದರಿಂದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿಯಾಗುತ್ತವೆ, ಹುಳು ಹಸಿವಿನಿಂದ ಸಾಯುತ್ತದೆ. ಬೆಟ್ಟದ ತಂಪು, ಹತ್ತಾರು ನಾಡತಳಿಗಳ ಬೆರಕೆ, ಗದ್ದೆಯ ಜೇಡಗಳು ಕೂಡ ಜೊತೆ ಕೊಡುತ್ತವೆ.

ಇದಕ್ಕೆ ಉಲ್ಟಾ ನಡೆದದ್ದನ್ನೂ ಜಾವಾ ನೋಡಿದೆ. ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಬಂದ ಮೇಲೆ ಸರ್ಕಾರ ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯಲು ಒತ್ತಾಯ ಮಾಡಿತು, ಕೀಟನಾಶಕಕ್ಕೆ ಭಾರೀ ಸಬ್ಸಿಡಿ ಕೊಟ್ಟಿತು. 1970ರ ದಶಕದ ನಡುವಿನಲ್ಲಿ ಜಿಗಿಹುಳು ಎದ್ದು ಕೂತಿತು. ಆಮೇಲೆ ನಿರೋಧಕ ತಳಿ ಬಂತು, 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು ಎಂಬ ಘೋಷಣೆಯೂ ಆಯಿತು. ಎರಡೇ ವರ್ಷ, ಹುಳು ಮತ್ತೆ ಬಂತು.

ಔಷಧಿ ಹೊಡೆದಷ್ಟೂ ಹುಳು ಹೆಚ್ಚುವುದೇಕೆ? ಹುಳುವಿನ ಮೊಟ್ಟೆ ಎಲೆಯ ಕವಚದೊಳಗೆ ಹುದುಗಿರುತ್ತದೆ, ಸಿಂಪಡಣೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ನೀರಿನ ಮೇಲೆ ಓಡಾಡಿ ಹುಳು ಹಿಡಿಯುವ ತೋಳ ಜೇಡ ಮಾತ್ರ ತಪ್ಪದೆ ಸಾಯುತ್ತದೆ. ವಾರ ಕಳೆದು ಮೊಟ್ಟೆ ಒಡೆದಾಗ ಗದ್ದೆಯಲ್ಲಿ ಶತ್ರುವೇ ಇರುವುದಿಲ್ಲ. ಪೀಟರ್ ಕೆನ್ಮೋರ್ ಎಂಬ ಕೀಟವಿಜ್ಞಾನಿ ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಇದನ್ನು ಅಳೆದು ತೋರಿಸಿದ್ದರು. 1986ರ ನವೆಂಬರಿನಲ್ಲಿ ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು. 1989ರ ಹೊತ್ತಿಗೆ ಸಬ್ಸಿಡಿಯೂ ಹೋಯಿತು.

ಪಕ್ಕದ ಬಾಲಿಯಲ್ಲೂ ಹೀಗೇ ಆಯಿತು. ಅಲ್ಲಿ ನೀರಿನ ಗುಡಿಗಳ ಲೆಕ್ಕದಂತೆ ರೈತರ ಗುಂಪುಗಳು ಒಟ್ಟಿಗೆ ನಾಟಿ, ಒಟ್ಟಿಗೆ ಬಿಡುವು ಪಾಲಿಸುತ್ತಿದ್ದವು. ಆ ಲೆಕ್ಕ ಮುರಿದ ಮೇಲೆ ನೀರಿಗೂ ಜಗಳ, ಹುಳುವಿನ ಕಾಟವೂ ಜಾಸ್ತಿ. ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಇಡೀ ನದಿ ಕಣಿವೆಯ ಮಾದರಿ ಕಟ್ಟಿ ನೋಡಿದರು. ಎಲ್ಲರೂ ಒಂದೇ ದಿನ ನೆಟ್ಟರೆ ನೀರು ಸಾಲದು, ತಮಗಿಷ್ಟ ಬಂದಂತೆ ನೆಟ್ಟರೆ ಹುಳು ಮೇಯುತ್ತದೆ. ಒಳ್ಳೆಯ ಇಳುವರಿ ಸಿಕ್ಕಿದ್ದು ಗುಡಿಗಳ ಹಳೆಯ ಗುಂಪುಗಾರಿಕೆಗೆ ಹತ್ತಿರವಾದ ಹಂಚಿಕೆಯಲ್ಲಿ.

ಇನ್ನು ನಕ್ಷತ್ರ. ಊರೆಲ್ಲ ಒಟ್ಟಿಗೆ ಕೆಲಸ ಶುರು ಮಾಡಬೇಕಾದರೆ ಎಲ್ಲರಿಗೂ ಕಾಣುವ ಗಡಿಯಾರ ಬೇಕು. ಚಂದ್ರನ ಲೆಕ್ಕದ ಹಿಜರಿ ವರ್ಷ 354 ದಿನದ್ದು, ಸುಮಾರು ಮೂವತ್ತ್ಮೂರು ವರ್ಷದಲ್ಲಿ ಎಲ್ಲ ಕಾಲವನ್ನೂ ಸುತ್ತಿ ಬರುತ್ತದೆ. ಬೇಸಾಯಕ್ಕೆ ಅದು ಆಗುವುದಿಲ್ಲ. ಸಮಭಾಜಕದ ಹತ್ತಿರ ಹಗಲು ರಾತ್ರಿಯ ಉದ್ದವೂ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಚಿಪ್ತಗೆಲಾರಿನವರು ನೋಡುವುದು ಕೆರ್ತಿ ಮತ್ತು ಕಿದಂಗ್ ಎಂಬ ಎರಡು ಗುರುತುಗಳನ್ನು. ಕೆರ್ತಿ ಎಂದರೆ ನಮ್ಮ ಕೃತ್ತಿಕೆ. ಕಿದಂಗ್ ಇರುವುದು ನಾವು ಮೃಗಶಿರ ಎನ್ನುವ ಕಡೆಗೇ, ಒರಾಯನ್ ಪುಂಜದಲ್ಲಿ. ಅಲ್ಲಿ ಅವರಿಗೂ ಕಾಣುವುದು ಜಿಂಕೆ. ಕೆರ್ತಿ ಬೆಳಗಿನ ಆಕಾಶದಲ್ಲಿ ಮೂಡಿದಾಗ ಕಬ್ಬಿಣದ ಸಲಕರಣೆ ತೆಗೆದು ಸಜ್ಜು ಮಾಡು, ಕಿದಂಗ್ ಮೂಡಿದಾಗ ಅದನ್ನು ಗದ್ದೆಗಿಳಿಸು ಎಂಬ ಅರ್ಥದ ಹೇಳಿಕೆ ಅಲ್ಲಿದೆ. ಕಿದಂಗ್ ಪಶ್ಚಿಮದಲ್ಲಿ ಮರೆಯಾಗುವ ಹೊತ್ತಿಗೆ ಎಳೆ ಕಾಳಿನ ಹಾಲು ಹೀರುವ ತೆನೆ ತಿಗಣೆ ಬರುತ್ತದೆ, ಅಷ್ಟರೊಳಗೆ ಕಾಳಿನ ಹಾಲು ಗಟ್ಟಿಯಾಗಿರಬೇಕು ಎಂಬ ಲೆಕ್ಕವೂ ಇದೆ.

ನಮ್ಮ ಕೃತ್ತಿಕೆ ಮಳೆ ಮೇ ತಿಂಗಳಲ್ಲಿ ಬರುತ್ತದಲ್ವಾ? ಆಗ ಸೂರ್ಯ ಕೃತ್ತಿಕೆಯಲ್ಲೇ ಇರುತ್ತಾನೆ, ಆದ್ದರಿಂದ ನಕ್ಷತ್ರ ಕಾಣುವುದಿಲ್ಲ. ನಮ್ಮದು ಪಂಚಾಂಗದ ಲೆಕ್ಕ. ಅವರದು ಕಣ್ಣಿನ ಲೆಕ್ಕ. ಸೂರ್ಯ ಮುಂದೆ ಸರಿದು, ಜೂನಿನಲ್ಲಿ ಮುಂಜಾನೆ ಪೂರ್ವದಲ್ಲಿ ಕೃತ್ತಿಕೆ ಮತ್ತೆ ತೋರುವುದನ್ನು ಅವರು ಕಾಯುತ್ತಾರೆ.

ಈ ಗಡಿಯಾರವೂ ನಿಧಾನವಾಗಿ ತಪ್ಪುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ನಕ್ಷತ್ರ ಕಾಣುವ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ತಡವಾಗುತ್ತಾ ಹೋಗುತ್ತದೆ. ಉತ್ತರಾಯಣದ ದಿನವೇ ಇರಬೇಕಿದ್ದ ಮಕರ ಸಂಕ್ರಾಂತಿ ಈಗ ಜನವರಿ ಮಧ್ಯಕ್ಕೆ ಬಂದಿರುವುದಕ್ಕೂ ಇದೇ ಕಾರಣ. 1368ರಿಂದ ಲೆಕ್ಕ ಹಾಕಿದರೆ ಚಿಪ್ತಗೆಲಾರಿನವರಿಗೆ ಸುಮಾರು ಒಂಬತ್ತು ದಿನದ ವ್ಯತ್ಯಾಸ. ಆರು ತಿಂಗಳ ಬೆಳೆಗೆ ಅದು ದೊಡ್ಡ ಮಾತಲ್ಲ.

ಹಾಗಾದರೆ ಜಾವಾದವರೆಲ್ಲ ಹೀಗೇ ಬೆಳೆಯಲಿ ಎನ್ನೋಣವೇ? ಸಾಧ್ಯವಿಲ್ಲ. ಆ ದ್ವೀಪ ಕರ್ನಾಟಕದ ಮೂರನೇ ಎರಡು ಭಾಗದಷ್ಟಿದೆ, 2020ರ ಜನಗಣತಿಯಲ್ಲಿ ಅಲ್ಲಿದ್ದವರು 15 ಕೋಟಿ. ಅಷ್ಟು ಜನಕ್ಕೆ ವರ್ಷಕ್ಕೊಂದು ಬೆಳೆಯಿಂದ ಊಟ ಹಾಕಲಾಗದು. ಆದರೆ ಒಟ್ಟಿಗೆ ನೆಡುವುದನ್ನು, ಬೆಳೆಗಳ ನಡುವೆ ಊರಿಗೆ ಊರೇ ಬಿಡುವು ಕೊಡುವುದನ್ನು ಎಲ್ಲಿ ಬೇಕಾದರೂ ಮಾಡಬಹುದು.

ನಕ್ಷತ್ರಕ್ಕೆ ಗೊತ್ತಿಲ್ಲದ ಒಂದು ಸಂಗತಿ ಮಳೆ. ಎಲ್ ನಿನೊ ಬಂದ ವರ್ಷ ಜಾವಾದ ಮಳೆ ವಾರಗಟ್ಟಲೆ ತಡವಾಗುತ್ತದೆ, ಕೆರ್ತಿ ಮಾತ್ರ ತನ್ನ ಹೊತ್ತಿಗೇ ಮೂಡುತ್ತದೆ. ಅಂಥ ವರ್ಷಗಳಿಗೆ ಆ ಊರಿನಲ್ಲಿ ಲೆವಿತ್ ಎಂಬ ಕಣಜಗಳಿವೆ. ಕೊಯ್ಲಿಗೆ ಕುಡುಗೋಲು ಬಳಸುವುದಿಲ್ಲ. ಬೆರಳ ಸಂದಿಯಲ್ಲಿ ಹಿಡಿಯುವ ಪುಟ್ಟ ಅಲಗಿನಿಂದ ಒಂದೊಂದೇ ತೆನೆ ಕತ್ತರಿಸುತ್ತಾರೆ. ನಾಡತಳಿಗಳ ತೆನೆ ಒಂದೇ ಸಲ ಮಾಗುವುದಿಲ್ಲ, ಅದಕ್ಕೆ ಈ ಅಲಗು ಸರಿ. ತೆನೆಗಳನ್ನು ಕಟ್ಟು ಕಟ್ಟಿ, ಬಿದಿರಿನ ಗಳುಗಳ ಮೇಲೆ ಒಣಗಿಸಿ, ಬಡಿಯದೆ ಹಾಗೇ ಕಣಜಕ್ಕೆ ಏರಿಸುತ್ತಾರೆ. ಸಿಲಿಕಾ ತುಂಬಿದ ಗಟ್ಟಿ ಹೊಟ್ಟು ಒಡೆಯದೆ ಉಳಿದರೆ ಮೂತಿ ಹುಳುವಿಗೆ ಒಳಗೆ ದಾರಿ ಸಿಗುವುದು ಕಷ್ಟ. ಮಿಲ್ಲು ಮಾಡಿದ ಅಕ್ಕಿಗೆ ಆ ರಕ್ಷಣೆ ಇಲ್ಲ. ಕಣಜ ಕಂಬಗಳ ಮೇಲೆ ನಿಂತಿರುತ್ತದೆ, ಮಾಡಿಗೆ ತಾಳೆಯ ಕಪ್ಪು ನಾರಿನ ಹೊದಿಕೆ. ಹೀಗೆ ಇಟ್ಟ ಭತ್ತ ವರ್ಷಗಟ್ಟಲೆ ಕೆಡುವುದಿಲ್ಲ. ಮನೆಗಳ ಕಣಜಗಳ ಜೊತೆಗೆ ಊರಿಗೆಂದೇ ಒಂದಿದೆ, ಸಿ ಜಿಮತ್ ಎಂದು ಅದರ ಹೆಸರು. ಭತ್ತ ಮುಗಿದ ಮನೆಯವರು ಅಲ್ಲಿಂದ ಕಟ್ಟು ಎಣಿಸಿ ತರುತ್ತಾರೆ, ಮುಂದಿನ ಕೊಯ್ಲಾದ ಮೇಲೆ ಅಷ್ಟೇ ಕಟ್ಟು ವಾಪಸ್ ಇಡುತ್ತಾರೆ.