ಹಡಗಿನಿಂದ ಗಗನನೌಕೆಗೆ: ರ‍್ಯಾಪ್ ಯಾಕೆ ಬಾಹ್ಯಾಕಾಶಕ್ಕೆ ಹೋಯಿತು?

2000ನೇ ಇಸವಿಯ ಮೇ ತಿಂಗಳಲ್ಲಿ 'ಡೆಲ್ಟ್ರಾನ್ 3030' ಎಂಬ ಹಿಪ್-ಹಾಪ್ ಆಲ್ಬಂ ಬಂತು. ಕಥೆ ನಡೆಯುವುದು 3030ರಲ್ಲಿ. ಆಗ ಆಳುತ್ತಿರುವುದು ಸರ್ಕಾರಗಳಲ್ಲ, ದೊಡ್ಡ ದೊಡ್ಡ ಕಂಪನಿಗಳು. ಡೆಲ್ಟ್ರಾನ್ ಝೀರೊ ಎಂಬ ಮಾಜಿ ಸೈನಿಕ ಅವುಗಳ ವಿರುದ್ಧ ತಿರುಗಿ ಬಿದ್ದಿದ್ದಾನೆ. ಅವನ ಆಯುಧ ಎರಡೇ: ಒಂದು ಕಂಪ್ಯೂಟರ್ ವೈರಸ್, ಇನ್ನೊಂದು ರ‍್ಯಾಪ್.

ಬೀದಿಯ ಕಷ್ಟ ಹೇಳಬೇಕಾದ ಸಂಗೀತ ರಾಕೆಟ್ ಹತ್ತಿ ಓಡಿಹೋಯಿತಲ್ಲ ಎಂದು ಇಂಥ ಆಲ್ಬಂ ಕೇಳಿದವರಿಗೆ ಅನ್ನಿಸಬಹುದು. ಪೊಲೀಸರ ದೌರ್ಜನ್ಯ, ಬಾಡಿಗೆ ಮನೆ, ನಿರುದ್ಯೋಗ ಇದನ್ನೆಲ್ಲ ಬಿಟ್ಟು ಗ್ರಹ, ರೋಬೋ, ಈಜಿಪ್ಟಿನ ದೇವರು ಯಾಕೆ ಬೇಕು? ಇತಿಹಾಸ ನೋಡಿದರೆ ವಿಷಯ ತಲೆಕೆಳಗಾಗಿದೆ. ಅಮೆರಿಕದ ಕಪ್ಪು ಸಂಗೀತದಲ್ಲಿ ರಾಕೆಟ್ ಬಂದಿದ್ದೇ ಬಾಡಿಗೆ ಮನೆಯ ಜಗಳದಿಂದ.

1969ರ ಜುಲೈ 15. ಅಪೊಲೊ 11 ಹೊರಡುವುದಕ್ಕೆ ಒಂದು ದಿನ ಬಾಕಿ. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಹತ್ತಿರ ರಾಲ್ಫ್ ಅಬರ್ನಾತಿ ಬಡ ಕುಟುಂಬಗಳನ್ನು ಕರೆದುಕೊಂಡು ಬಂದರು. ಜೊತೆಗೆ ಹೇಸರಗತ್ತೆ ಕಟ್ಟಿದ ಗಾಡಿಗಳು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ನಂತರ ಅವರ ಸಂಘಟನೆಯನ್ನು ಮುನ್ನಡೆಸುತ್ತಿದ್ದವರು ಇವರೇ. ಚಂದ್ರನಿಗೆ ಹೋಗಲು ದುಡ್ಡಿದೆ, ಹಸಿದವರಿಗೆ ಕೊಡಲು ಯಾಕಿಲ್ಲ ಎಂಬುದು ಅವರ ಪ್ರಶ್ನೆ. ನಾಸಾ ಮುಖ್ಯಸ್ಥ ಥಾಮಸ್ ಪೇನ್ ಬಯಲಿಗೇ ಬಂದು ಮಾತಾಡಿದರು. ನಾಳೆ ಗುಂಡಿ ಒತ್ತದೆ ಇದ್ದರೆ ಬಡತನ ಹೋಗುವುದಾದರೆ ನಾವು ಒತ್ತುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಮರುದಿನ ಗುಂಡಿ ಒತ್ತಿದರು. ಬಂದವರಲ್ಲಿ ಕೆಲವರಿಗೆ ಉಡಾವಣೆ ನೋಡಲು ಪಾಸ್ ಸಿಕ್ಕಿತು.

ಮುಂದಿನ ವರ್ಷ ಗಿಲ್ ಸ್ಕಾಟ್-ಹೆರಾನ್ ಎಂಬ ಯುವ ಕವಿ ಇದೇ ಪ್ರಶ್ನೆಯನ್ನು ತಮಟೆಯ ಲಯಕ್ಕೆ ಕೂರಿಸಿದ. 'ವೈಟಿ ಆನ್ ದ ಮೂನ್' ಎರಡು ನಿಮಿಷವೂ ಇಲ್ಲ. ತಂಗಿಗೆ ಇಲಿ ಕಚ್ಚಿದೆ, ಡಾಕ್ಟರ್ ಬಿಲ್ ಕಟ್ಟಲು ದುಡ್ಡಿಲ್ಲ, ಬಾಡಿಗೆ ಏರಿದೆ. ಆ ಕಡೆ 'ವೈಟಿ', ಅಂದರೆ ಬಿಳಿಯನು, ಚಂದ್ರನ ಮೇಲಿದ್ದಾನೆ. ಹಾಡು ಅನ್ನುವುದಕ್ಕಿಂತ ಮಾತು. ಅದಕ್ಕೇ ಇವನನ್ನು ರ‍್ಯಾಪ್‌ನ ಹಿರಿಯರ ಸಾಲಿನಲ್ಲಿ ಕೂರಿಸುತ್ತಾರೆ.

ಇದು ಒಂದು ದಾರಿ. ಇನ್ನೊಂದು ದಾರಿ ಇದಕ್ಕೂ ಮೊದಲೇ ತೆರೆದಿತ್ತು. 'ನೀವು ಯಾಕೆ ಹೋಗುತ್ತೀರಿ' ಎಂದು ಕೇಳುವ ಬದಲು 'ನಾವೂ ಹೋಗುತ್ತೇವೆ, ನಾವು ಅಲ್ಲಿಯವರೇ' ಎನ್ನುವ ದಾರಿ. ಜಾಝ್ ಕಲಾವಿದ ಸನ್ ರಾ ಹುಟ್ಟಿದ್ದು 1914ರಲ್ಲಿ, ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಆದರೆ ತಾನು ಶನಿಗ್ರಹದವನು ಎಂದು ಜೀವನವಿಡೀ ಹೇಳಿಕೊಂಡ. ಹೆಸರು ಬದಲಾಯಿಸಿದ. ಈಜಿಪ್ಟಿನ ಸೂರ್ಯದೇವನ ಹೆಸರು ಇಟ್ಟುಕೊಂಡ. ವೇಷ ಅರ್ಧ ಈಜಿಪ್ಟಿನ ರಾಜ ಫೇರೋ, ಅರ್ಧ ಗಗನಯಾತ್ರಿ. ತಮಾಷೆ ಅನ್ನಿಸುತ್ತದೆ, ಅಲ್ವಾ? ಆದರೆ ಬರ್ಮಿಂಗ್‌ಹ್ಯಾಮ್ ಅಂದರೆ ಕರಿಯರು ಎಲ್ಲಿ ಕೂರಬೇಕು, ಎಲ್ಲಿ ನೀರು ಕುಡಿಯಬೇಕು ಎಂದು ಕಾನೂನು ಬರೆದಿಟ್ಟಿದ್ದ ಊರು. ಆ ಊರಲ್ಲಿ ಹುಟ್ಟಿ 'ನಾನು ಇಲ್ಲಿಯವನಲ್ಲ' ಎಂದರೆ ಅದಕ್ಕಿಂತ ನೇರವಾದ ರಾಜಕೀಯ ಮಾತು ಇನ್ನೇನಿದೆ?

ಪುರಾಣ ಒಳಗೆ ಬಂದಿದ್ದು ಹೀಗೆ. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗಿಗೆ ತುಂಬಿದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ದಡ ಮುಟ್ಟಿದವರು ಸುಮಾರು 1.07 ಕೋಟಿ. ಮುಟ್ಟಿದವರ ಹೆಸರು, ಭಾಷೆ, ಕುಲದ ಕಥೆ ಎಲ್ಲ ಕಿತ್ತುಹೋಯಿತು. ಉಳಿದಿದ್ದು ಮಾಲೀಕರು ಕೊಟ್ಟ ಬೈಬಲ್. ಅದರಲ್ಲೇ ತಮಗೆ ಬೇಕಾದ ಚಿತ್ರಗಳನ್ನು ಹೆಕ್ಕಿಕೊಂಡರು. ಆಕಾಶದಿಂದ ರಥ ಇಳಿದು ಬಂದು ನಮ್ಮನ್ನು ಮನೆಗೆ ಕರೆದೊಯ್ಯುತ್ತದೆ ಎಂದು ಹಾಡಿಕೊಂಡರು. ಎಜೆಕಿಯೆಲ್ ಪ್ರವಾದಿ ಆಕಾಶದಲ್ಲಿ ಕಂಡ ಚಕ್ರದೊಳಗಿನ ಚಕ್ರದ ಬಗ್ಗೆಯೂ ಹಾಡಿದರು. 1930ರಲ್ಲಿ ಡೆಟ್ರಾಯ್ಟ್‌ನಲ್ಲಿ ಶುರುವಾದ ಕರಿಯರ ಧಾರ್ಮಿಕ ಸಂಘಟನೆ ನೇಷನ್ ಆಫ್ ಇಸ್ಲಾಂ ಅದೇ ಚಕ್ರವನ್ನು ವಿಮಾನ ಮಾಡಿತು. ಅದರ ನಾಯಕ ಎಲೈಜಾ ಮುಹಮ್ಮದ್ ಬೋಧನೆಯಲ್ಲಿ ಆಕಾಶದಲ್ಲಿ ಒಂದು ದೈತ್ಯ 'ತಾಯಿ ವಿಮಾನ' ಕಾದು ನಿಂತಿದೆ.

ರಥ, ಚಕ್ರ, ವಿಮಾನ. ಇನ್ನು ಒಂದೇ ಹೆಜ್ಜೆ ಬಾಕಿ. ಅದನ್ನು ಇಟ್ಟವನು ಸಂಗೀತಗಾರ ಜಾರ್ಜ್ ಕ್ಲಿಂಟನ್. 1975ರ ಕೊನೆಯಲ್ಲಿ ಅವನ ಪಾರ್ಲಿಮೆಂಟ್ ತಂಡದ 'ಮದರ್‌ಶಿಪ್ ಕನೆಕ್ಷನ್' ಆಲ್ಬಂ ಬಂತು; ಮದರ್‌ಶಿಪ್ ಅಂದರೆ ತಾಯಿ ನೌಕೆ. ಅದೇ ವರ್ಷ ಇನ್ನೊಂದು ಆಲ್ಬಂನಲ್ಲಿ ಅವನು ಶ್ವೇತಭವನದಲ್ಲಿ ಕರಿಯರನ್ನು ಕೂರಿಸಿದ್ದ. ಕರಿಯರು ಇರುತ್ತಾರೆಂದು ಯಾರೂ ಊಹಿಸದ ಮುಂದಿನ ಜಾಗ ಯಾವುದು ಎಂದು ಹುಡುಕಿದಾಗ ಹೊಳೆದಿದ್ದು ಬಾಹ್ಯಾಕಾಶ ಎಂದು ಆಮೇಲೆ ಹೇಳಿಕೊಂಡಿದ್ದಾನೆ. ಆಲ್ಬಂನ ಶೀರ್ಷಿಕೆ ಹಾಡಿನ ನಡುವೆ ಗುಲಾಮರ ಕಾಲದ ರಥದ ಹಾಡಿನ ಧಾಟಿ ಬರುತ್ತದೆ. 1976ರಿಂದ ವೇದಿಕೆಯ ಮೇಲೆ ನಿಜವಾಗಿಯೂ ಒಂದು ಲೋಹದ ನೌಕೆ ಹೊಗೆ ಕಾರುತ್ತಾ ಇಳಿಯತೊಡಗಿತು. ಜನ ಹುಚ್ಚೆದ್ದು ಕುಣಿದರು. ಈಗ ಅದರ ಮರುನಿರ್ಮಾಣ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಹಿಪ್-ಹಾಪ್ ಹುಟ್ಟಿದ್ದು ಈ ಕುಣಿತದ ಕಾಲದಲ್ಲೇ, ಆದರೆ ಬೇರೆ ಜಾಗದಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹೆದ್ದಾರಿಯೊಂದು ಬಡಾವಣೆಗಳನ್ನು ಸೀಳಿಕೊಂಡು ಹೋಗಿತ್ತು, 1970ರ ದಶಕದಲ್ಲಿ ಬೀದಿ ಬೀದಿಗಳೇ ಸುಟ್ಟುಹೋಗುತ್ತಿದ್ದವು. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಈ ಸಂಗೀತದ ಜನ್ಮದಿನ ಎನ್ನುತ್ತಾರೆ. ಒಂಬತ್ತು ವರ್ಷದ ನಂತರ, 1982ರಲ್ಲಿ, ಅಲ್ಲಿಂದ ಎರಡು ಹಾಡು ಹೊರಬಂದವು. 'ದ ಮೆಸೇಜ್' ಬೀದಿಯ ಒಡೆದ ಗಾಜು, ಮೂತ್ರದ ವಾಸನೆ, ಸಾಲದ ಬಗ್ಗೆ ಹೇಳಿತು. 'ಪ್ಲಾನೆಟ್ ರಾಕ್' ಬೇರೊಂದು ಗ್ರಹಕ್ಕೆ ಬನ್ನಿ ಎಂದು ಕರೆಯಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಧಾಟಿಯನ್ನು ಸಿಂಥಸೈಜರ್ ಮೇಲೆ ಮತ್ತೆ ನುಡಿಸಿ, ಕೆಳಗೆ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಗುದ್ದು ಸೇರಿಸಿದ್ದರು. ಆ ಯಂತ್ರ ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲ ಎಂದು ಅನೇಕರು ಮೂಗು ಮುರಿದಿದ್ದರು. ಈ ಹುಡುಗರಿಗೆ ಬೇಕಾಗಿದ್ದೂ ಅದೇ.

ಬಹಳ ಜನ ಈ ಎರಡನ್ನು ಎದುರುಬದುರು ನಿಲ್ಲಿಸುತ್ತಾರೆ. ಒಂದು ವಾಸ್ತವ, ಒಂದು ಕನಸು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡೂ ಒಂದೇ ಸುಟ್ಟ ಕಟ್ಟಡದ ಎದುರು ನಿಂತು ಹೇಳಿದ ಮಾತು. ಮುಂದೆ ಬಂದ ಒಳ್ಳೆಯ ಆಲ್ಬಂಗಳು ಮಾಡಿದ್ದು ಈ ಎರಡನ್ನೂ ಒಂದೇ ಬಾಯಲ್ಲಿ ಹೇಳುವ ಕೆಲಸ.

ಅದಕ್ಕೆ ಪದಬಲ ಬೇಕಿತ್ತು. 1980ರ ದಶಕದ ಮೊದಲ ಭಾಗದಲ್ಲಿ ರ‍್ಯಾಪ್ ಪ್ರಾಸ ಬಹುಪಾಲು ಸಾಲಿನ ಕೊನೆಯಲ್ಲಿ ಮಾತ್ರ ಬೀಳುತ್ತಿತ್ತು. ರಕೀಮ್ ಎಂಬ ರ‍್ಯಾಪರ್ ಅದನ್ನು ಸಾಲಿನ ಒಳಗೂ ಹೆಣೆದ. 1988ರ 'ಫಾಲೋ ದ ಲೀಡರ್' ಹಾಡಿನಲ್ಲಿ ಕೇಳುಗನನ್ನು ಭೂಮಿಯಿಂದ ಎತ್ತಿಕೊಂಡು ಬ್ರಹ್ಮಾಂಡ ಸುತ್ತಿಸುತ್ತಾನೆ. ಸುಮ್ನೆ ಜಂಬ ಅಲ್ಲ ಅದು. ಅವನು ಫೈವ್ ಪರ್ಸೆಂಟ್ ನೇಷನ್ ಎಂಬ ಪಂಥದವನು. 1964ರಲ್ಲಿ ಹಾರ್ಲೆಮ್‌ನಲ್ಲಿ, ನೇಷನ್ ಆಫ್ ಇಸ್ಲಾಂನಿಂದ ಸಿಡಿದು ಹುಟ್ಟಿದ ಪಂಥ ಇದು. ಅದರ ಪ್ರಕಾರ ಕರಿಯನೇ ದೇವರು, ಸಂಖ್ಯೆಗಳಿಗೂ ಅಕ್ಷರಗಳಿಗೂ ಗುಪ್ತ ಅರ್ಥವಿದೆ. ವು-ಟ್ಯಾಂಗ್ ಕ್ಲ್ಯಾನ್ ತಂಡದ ಮಾತಲ್ಲಿ ಗಣಿತ, ಗ್ರಹ, ದೇವರು ಒಟ್ಟೊಟ್ಟಿಗೆ ಬರುವುದಕ್ಕೂ ಇದೇ ಕಾರಣ. ರ‍್ಯಾಪ್‌ನಲ್ಲಿ ಮೊದಲಿಂದಲೂ ಹುಟ್ಟುಹೆಸರು ಬಿಟ್ಟು ಹೊಸ ಹೆಸರಲ್ಲಿ ಬಡಾಯಿ ಕೊಚ್ಚುವ ರೂಢಿ ಇದೆ. ಅಲ್ಲಿಂದ ಅವತಾರ ಎತ್ತುವುದಕ್ಕೆ ಜಾಸ್ತಿ ದೂರ ಇಲ್ಲ.

1990ರ ದಶಕದಲ್ಲಿ ಇದೆಲ್ಲ ಒಟ್ಟು ಸೇರಿತು. ಪಬ್ಲಿಕ್ ಎನಿಮಿ ತಂಡ 1990ರಲ್ಲಿ 'ಫಿಯರ್ ಆಫ್ ಎ ಬ್ಲ್ಯಾಕ್ ಪ್ಲಾನೆಟ್' ತಂದಿತು. ಹೆಸರೇ ಹೇಳುವಂತೆ ಗ್ರಹದ ಚಿತ್ರ, ಒಳಗೆ ಪೂರಾ ವರ್ಣರಾಜಕೀಯ. ಕಾನೂನು ಪ್ರಾಧ್ಯಾಪಕ ಡೆರಿಕ್ ಬೆಲ್ 1992ರಲ್ಲಿ ಒಂದು ಕಥೆ ಬರೆದ. ಅನ್ಯಗ್ರಹದವರು ಬಂದು ಚಿನ್ನ, ಶುದ್ಧ ಇಂಧನ ಕೊಡುತ್ತೇವೆ, ಬದಲಿಗೆ ನಿಮ್ಮ ಕರಿಯರನ್ನೆಲ್ಲ ಕೊಡಿ ಎನ್ನುತ್ತಾರೆ. ಅಮೆರಿಕ ಮತಕ್ಕೆ ಹಾಕುತ್ತದೆ, ಒಪ್ಪುತ್ತದೆ. ಮರುವರ್ಷ ವಿಮರ್ಶಕ ಮಾರ್ಕ್ ಡೆರಿ ಈ ಇಡೀ ಧಾರೆಗೆ 'ಆಫ್ರೋಫ್ಯೂಚರಿಸಂ' ಎಂದು ಹೆಸರಿಟ್ಟ. ಕಪ್ಪು ಅಮೆರಿಕನ್ನರು ಒಂದು ಅರ್ಥದಲ್ಲಿ ಅನ್ಯಗ್ರಹದವರು ಅಪಹರಿಸಿದವರ ಮಕ್ಕಳು ಎಂಬುದು ಅವನ ವಾದ. ವಿಚಿತ್ರ ಹಡಗು, ಅರ್ಥವಾಗದ ಭಾಷೆ, ದೇಹದ ಮೇಲೆ ಪ್ರಯೋಗ. ವಿಜ್ಞಾನ ಕಥೆಗಳ ದುಃಸ್ವಪ್ನ ಇವರಿಗೆ ಆಗಲೇ ನಡೆದುಹೋದ ವಿಷಯ.

ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ತಮ್ಮನ್ನೇ ಅನ್ಯಗ್ರಹದವರು ಎಂದು ಕರೆದುಕೊಂಡದ್ದು 1996ರಲ್ಲಿ. ಹಿಂದಿನ ವರ್ಷ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭದಲ್ಲಿ ದಕ್ಷಿಣದವರೆಂದು ಜನ ಅವರಿಗೆ ಬೊಬ್ಬೆ ಹೊಡೆದಿದ್ದರು. ಹಿಪ್-ಹಾಪ್ ಒಳಗೂ ಪರಕೀಯರಿದ್ದರು ಅನ್ನೋದು ಇದರಿಂದ ಗೊತ್ತಾಗುತ್ತದೆ. 1996ರಲ್ಲೇ ಕೂಲ್ ಕೀತ್ ಎಂಬ ರ‍್ಯಾಪರ್ ಒಂದು ಆಲ್ಬಂಗಾಗಿ 'ಡಾಕ್ಟರ್ ಆಕ್ಟಗಾನ್' ಎಂಬ ಅನ್ಯಗ್ರಹದ ಅರೆಹುಚ್ಚ ವೈದ್ಯನ ವೇಷ ತೊಟ್ಟ. ರಾಜಕೀಯ ಕಡಿಮೆ, ಹುಚ್ಚಾಟ ಜಾಸ್ತಿ. ಆದರೆ ಆ ಆಲ್ಬಂನ ನಿರ್ಮಾಪಕ ಡ್ಯಾನ್ ದಿ ಆಟೊಮೇಟರ್ ನಾಲ್ಕು ವರ್ಷದ ನಂತರ ಡೆಲ್ಟ್ರಾನ್‌ಗೂ ಸಂಗೀತ ಕಟ್ಟಿದ.

ಡೆಲ್ಟ್ರಾನ್‌ನ ಮಾತುಗಾರ ಡೆಲ್ ದ ಫಂಕಿ ಹೋಮೋಸೇಪಿಯನ್, ಕ್ಯಾಲಿಫೋರ್ನಿಯಾದ ಓಕ್ಲೆಂಡಿನವನು. ದೊಡ್ಡ ರೆಕಾರ್ಡ್ ಕಂಪನಿಯೊಂದು ಅವನನ್ನು 1990ರ ದಶಕದ ನಡುವೆ ಕೈಬಿಟ್ಟಿತ್ತು. ಆಮೇಲೆ ಅವನೂ ಗೆಳೆಯರೂ ತಮ್ಮದೇ ಲೇಬಲ್ ಕಟ್ಟಿಕೊಂಡರು. ಹಾಗಾಗಿ ಆಲ್ಬಂನ ಖಳನಾಯಕ ರಾಕ್ಷಸನಲ್ಲ, ಕಾರ್ಪೊರೇಟ್ ಕಂಪನಿ ಎನ್ನುವುದು ಆಶ್ಚರ್ಯವಲ್ಲ. ಒಂದು ಮಾತು ಹೇಳಬೇಕು: ಇದರ ಕಥೆ ಹಿಡಿಯುವುದು ಕಷ್ಟ. ಒಂದು ಹಾಡಿನಲ್ಲಿ ಯುದ್ಧ, ಇನ್ನೊಂದರಲ್ಲಿ ಗ್ರಹಗಳ ನಡುವಿನ ರ‍್ಯಾಪ್ ಸ್ಪರ್ಧೆ, ನಡುವೆ ತಮಾಷೆಯ ತುಣುಕು. ಕಾದಂಬರಿಯ ಹಾಗೆ ಕೇಳಲು ಕೂತರೆ ತಲೆ ಕೆಡುತ್ತದೆ. ಅದರ ಸೊಗಸು ಪ್ರಾಸದಲ್ಲಿದೆ. ಜೀವಶಾಸ್ತ್ರ, ಕಂಪ್ಯೂಟರ್, ರೋಬೋಗಳ ಉದ್ದುದ್ದ ಪದಗಳನ್ನು ಡೆಲ್ ನಾಲಿಗೆ ತಡವರಿಸದೆ ತಾಳಕ್ಕೆ ಕೂರಿಸುತ್ತಾನೆ. ಕೆಳಗೆ ಆಟೊಮೇಟರ್‌ನ ಸಿನಿಮಾ ಮಾದರಿಯ ವಾದ್ಯಗೋಷ್ಠಿ, ಕಿಡ್ ಕೊವಾಲಾನ ರೆಕಾರ್ಡ್ ಉಜ್ಜುವ ಕೈಚಳಕ.

ಈ ಧಾರೆಯಲ್ಲಿ ಕೊಳೆಯೂ ಹರಿದಿದೆ. ಗುಪ್ತ ಸಂಘಗಳು ಜಗತ್ತನ್ನು ಆಳುತ್ತಿವೆ ಎಂಬ ಪುಕಾರು, ಬಿಳಿಯರನ್ನು ಒಬ್ಬ ವಿಜ್ಞಾನಿ ಪ್ರಯೋಗ ಮಾಡಿ ಸೃಷ್ಟಿಸಿದ ಎಂಬ ಕಥೆ, ಪಿರಮಿಡ್ ಕಟ್ಟಿದ್ದು ಅನ್ಯಗ್ರಹದವರು ಎಂಬ ನಂಬಿಕೆ ಎಲ್ಲವೂ ಪ್ರಾಸದ ಜೊತೆ ತೇಲಿ ಬಂದವು. ಕೊನೆಯದಂತೂ ಪಕ್ಕಾ ಎಡವಟ್ಟು. ಆಫ್ರಿಕದ ಜನ ಕೈಯಾರೆ ಕಟ್ಟಿದ್ದನ್ನು ಆಕಾಶದವರಿಗೆ ಕೊಟ್ಟರೆ ಲಾಭ ಯಾರಿಗೆ? ಕಾವ್ಯಕ್ಕೆ ಪುರಾಣ ಬೇಕು, ಸರಿ. ಅದನ್ನೇ ಇತಿಹಾಸ ಎಂದು ಮಾರಿದಾಗ ರಾಜಕೀಯ ಟೀಕೆಯ ಮೊನೆ ಮೊಂಡಾಗುತ್ತದೆ.

ಹಾಡಿನೊಳಗಿನ ಪುರಾಣ ಪುರಾಣವಾಗಿಯೇ ಉಳಿದು, ರಾಜಕೀಯವೂ ಹರಿತವಾಗಿಯೇ ಇರುವ ಉದಾಹರಣೆ ಬೇಕಿದ್ದರೆ ಡೆಟ್ರಾಯ್ಟ್‌ಗೆ ಹೋಗಬೇಕು. ಡ್ರೆಕ್ಸಿಯಾ ಎಂಬ ಎಲೆಕ್ಟ್ರಾನಿಕ್ ಜೋಡಿ ಬಹುಪಾಲು ಮಾತೇ ಇಲ್ಲದ ಸಂಗೀತ ಮಾಡುತ್ತಿತ್ತು. 1997ರ 'ದ ಕ್ವೆಸ್ಟ್' ಆಲ್ಬಂನ ಟಿಪ್ಪಣಿಯಲ್ಲಿ ಒಂದು ಪ್ರಶ್ನೆ ಇತ್ತು. ಗುಲಾಮ ಹಡಗುಗಳಿಂದ ಗರ್ಭಿಣಿಯರನ್ನೂ ಸಮುದ್ರಕ್ಕೆ ಎಸೆದಿದ್ದರಲ್ಲ, ಅವರ ಮಕ್ಕಳು ನೀರಿನಲ್ಲೇ ಹುಟ್ಟಿ ಉಸಿರಾಡಲು ಕಲಿತಿದ್ದರೆ? ಗರ್ಭದಲ್ಲೂ ಮಗು ಇರುವುದು ದ್ರವದಲ್ಲೇ ತಾನೇ? ಕಲ್ಪನೆಯ ಕೆಳಗೆ ಗಟ್ಟಿಯಾದ ಸತ್ಯವಿದೆ. 1781ರಲ್ಲಿ ಝಾಂಗ್ ಎಂಬ ಬ್ರಿಟಿಷ್ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಆಮೇಲೆ ಮಾಲೀಕರು ಸರಕು ನಷ್ಟ ಎಂದು ವಿಮೆ ಹಣ ಕೇಳಿದರು. ಲಂಡನ್ ನ್ಯಾಯಾಲಯದಲ್ಲಿ ನಡೆದದ್ದು ಕೊಲೆ ಮೊಕದ್ದಮೆ ಅಲ್ಲ, ವಿಮೆ ಮೊಕದ್ದಮೆ.

ಸರಕು ಎಂಬ ಆ ಲೆಕ್ಕವನ್ನು ಲಾಸ್ ಏಂಜಲೀಸ್‌ನ ಕ್ಲಿಪ್ಪಿಂಗ್ ತಂಡ 2016ರಲ್ಲಿ ನೇರವಾಗಿ ಬಾಹ್ಯಾಕಾಶಕ್ಕೆ ಒಯ್ಯಿತು. 'ಸ್ಪ್ಲೆಂಡರ್ ಅಂಡ್ ಮಿಸರಿ' ಆಲ್ಬಂನ ನಾಯಕನಿಗೆ ಹೆಸರಿಲ್ಲ. ಅವನು 'ಕಾರ್ಗೊ 2331'. ಗುಲಾಮರನ್ನು ಸಾಗಿಸುವ ಗಗನನೌಕೆಯಲ್ಲಿ ದಂಗೆ ಎದ್ದು, ಅವನೊಬ್ಬನೇ ಉಳಿದಿದ್ದಾನೆ. ನೌಕೆಯ ಕಂಪ್ಯೂಟರ್‌ಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ರ‍್ಯಾಪ್ ಮಾಡುವ ಡವೀಡ್ ಡಿಗ್ಸ್ ಈ ತಂಡದ ಹಾಡುಗಳಲ್ಲಿ 'ನಾನು' ಎಂಬ ಪದವನ್ನು ಬೇಕಂತಲೇ ದೂರ ಇಡುತ್ತಾನೆ. 'ನಾನು' ಇಲ್ಲದೆ ರ‍್ಯಾಪೇ ಇಲ್ಲ ಎನ್ನುವಂಥ ಕಲೆಯಲ್ಲಿ ಇದು ಸಣ್ಣ ಸಾಹಸವಲ್ಲ. ಸರಕು ಪಟ್ಟಿಯಲ್ಲಿ ಸಂಖ್ಯೆಯಾಗಿರುವವನ ಕಥೆಗೆ ಅದು ಚೆನ್ನಾಗಿ ಒಪ್ಪುತ್ತದೆ. ನೌಕೆಯ ಗುಂಯ್‌ಗುಡುವ ಸದ್ದಿನ ನಡುವೆ ಹಳೆಯ ಗುಲಾಮರ ಭಕ್ತಿಗೀತೆಯಂಥ ಗುಂಪುಹಾಡು ಏಳುತ್ತದೆ. ಈ ಸಲ ಕರೆದೊಯ್ಯಲು ರಥ ಬರುವುದಿಲ್ಲ.

ವಿಜ್ಞಾನ ಕಥೆಗಳ ದೊಡ್ಡ ಪ್ರಶಸ್ತಿಯಾದ ಹ್ಯೂಗೋಗೆ ಈ ಆಲ್ಬಂ 2017ರಲ್ಲಿ ನಾಮನಿರ್ದೇಶನಗೊಂಡಿತು. ಸಂಗೀತಕ್ಕೆಂದು ಅಲ್ಲಿ ಬೇರೆ ವಿಭಾಗವಿಲ್ಲ, ಟಿವಿ ಸಂಚಿಕೆಗಳ ಜೊತೆಗೇ ಸ್ಪರ್ಧೆ. ಗೆಲ್ಲಲಿಲ್ಲ. ಅದೇ ವರ್ಷ ತಂಡ ಡ್ರೆಕ್ಸಿಯಾದ ಪುರಾಣ ಹಿಡಿದು 'ದ ಡೀಪ್' ಹಾಡು ಮಾಡಿತು. ಅಲ್ಲಿ ಸಮುದ್ರದೊಳಗಿನ ಮಕ್ಕಳು ತೈಲಕ್ಕಾಗಿ ತಳ ಸಿಡಿಸುವ ಮೇಲಿನವರ ಮೇಲೆ ಯುದ್ಧಕ್ಕೆ ಏಳುತ್ತಾರೆ. ಹ್ಯೂಗೋಗೆ ಅದೂ ನಾಮನಿರ್ದೇಶನಗೊಂಡಿತು, ಅದೂ ಟಿವಿ ಸಂಚಿಕೆಯ ಎದುರು ಸೋತಿತು. 2019ರಲ್ಲಿ ರಿವರ್ಸ್ ಸಾಲೊಮನ್ ಎಂಬ ಲೇಖಕರು ಆ ಹಾಡನ್ನು ಅದೇ ಹೆಸರಿನ ಕಿರುಕಾದಂಬರಿ ಮಾಡಿದರು. ಪುಸ್ತಕದ ಮುಖಪುಟದಲ್ಲಿ ಕ್ಲಿಪ್ಪಿಂಗ್ ತಂಡದ ಮೂವರು ಸಂಗೀತಗಾರರ ಹೆಸರೂ ಇದೆ. ಕಥೆಯ ನಾಯಕಿ ಯೇಟುಗೆ ಒಂದು ಕೆಲಸ ಹಚ್ಚಿದ್ದಾರೆ: ಹಡಗಿನಿಂದ ಬಿದ್ದವರ ನೆನಪನ್ನೆಲ್ಲ ಇಡೀ ಜನಾಂಗದ ಪರವಾಗಿ ಅವಳೊಬ್ಬಳೇ ಹೊತ್ತುಕೊಂಡಿರಬೇಕು, ಉಳಿದವರು ನಿಶ್ಚಿಂತೆಯಾಗಿ ಮರೆತು ಬದುಕಬೇಕು. ಆ ಭಾರ ತಡೆಯಲಾರದೆ ಅವಳು ಓಡಿಹೋಗುತ್ತಾಳೆ.