ಹೆಸರು ಅಳಿದ ಮೇಲೂ ಉಳಿದ ಫೈಲ್

"ಅಣ್ಣಾ, ಡಿಸ್ಕಿನಲ್ಲಿ ಜಾಗವಿಲ್ಲವೆಂದು ಒಂದು ದೊಡ್ಡ ಫೈಲ್ ಅಳಿಸಿದೆ. ಅದು ಡೇಟಾಬೇಸಿನದೇ ಎಂದು ಈಗ ತಿಳಿಯಿತು. ಆದರೆ ಲೆಕ್ಕವೆಲ್ಲ ಮೊದಲಿನಂತೆಯೇ ತೆರೆಯುತ್ತಿದೆ!"

ಪೆರ್ಲದ ಕಡೆಯ ಒಂದು ಹಾಲಿನ ಸಂಘದಿಂದ ಮಳೆಗಾಲದ ಸಂಜೆಯೊಂದರಲ್ಲಿ ಬಂದ ಕರೆ ಅದು. ಹುಡುಗನ ದನಿ ನಡುಗುತ್ತಿತ್ತು. "ಕಂಪ್ಯೂಟರ್ ಆರಿಸಬೇಡ, ನಾನು ಬರುವವರೆಗೆ ಏನನ್ನೂ ಮುಟ್ಟಬೇಡ" ಎಂದಷ್ಟೇ ಹೇಳಿ ಹೊರಟೆ. ನನಗಿದ್ದ ಭಯ ಕರೆಂಟಿನದು. ನಮ್ಮ ಕಾಸರಗೋಡಿನಲ್ಲಿ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೂ ಸಾಕು.

ಅಳಿಸಿದ ಮೇಲೂ ಲೆಕ್ಕ ತೆರೆದದ್ದು ಹೇಗೆ? ಅಲ್ಲಿಯ ಕಂಪ್ಯೂಟರನ್ನು ನಡೆಸುವ ಲಿನಕ್ಸಿನಲ್ಲಿ ಫೈಲ್ ಬೇರೆ, ಅದರ ಹೆಸರು ಬೇರೆ. ಫೋಲ್ಡರಿನಲ್ಲಿರುವುದು ಹೆಸರು ಮತ್ತು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ 'ಐನೋಡ್' ಎಂಬ ದಾಖಲೆಯಲ್ಲಿ ಗಾತ್ರ, ಒಡೆತನ, ಡಿಸ್ಕಿನ ಯಾವ ತುಂಡುಗಳಲ್ಲಿ ಮಾಹಿತಿ ಇದೆ ಎಂಬುದೆಲ್ಲ ಇರುತ್ತದೆ; ಹೆಸರು ಇರುವುದಿಲ್ಲ. ಅಳಿಸಿದಾಗ ಹೋಗುವುದು ಫೋಲ್ಡರಿನಲ್ಲಿದ್ದ ಆ ಒಂದು ಸಾಲು. ಯಾವುದಾದರೂ ಪ್ರೋಗ್ರಾಂ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಕೈಬಿಡುವವರೆಗೆ ತುಂಡುಗಳು ಖಾಲಿಯಾಗುವುದಿಲ್ಲ. ತೋಟದ ಗೇಟಿನಿಂದ ಮನೆಹೆಸರಿನ ಫಲಕ ಕಿತ್ತರೆ ಹೊಸಬರಿಗೆ ದಾರಿ ತಪ್ಪುತ್ತದೆ. ಒಳಗೆ ಊಟಕ್ಕೆ ಕುಳಿತವರ ಎಲೆಯನ್ನು ಯಾರೂ ಎತ್ತುವುದಿಲ್ಲ. ಲಿನಕ್ಸಿಗೆ ಮಾದರಿಯಾದ 1970ರ ದಶಕದ ಯುನಿಕ್ಸಿನಿಂದ ಬಂದ ಈ ಏರ್ಪಾಡು ನನಗೆ ಇಂದಿಗೂ ಅಚ್ಚರಿ ತರುತ್ತದೆ. ವಿಂಡೋಸ್ ಆಗಿದ್ದರೆ, ಬಳಕೆಯಲ್ಲಿರುವ ಫೈಲನ್ನು ಅಳಿಸಲು ಸಾಮಾನ್ಯವಾಗಿ ಬಿಡುತ್ತಲೇ ಇರಲಿಲ್ಲ.

ಹುಡುಗನನ್ನು ದೂರಲಾರೆ. ಅಳಿಸಿದ ಫೈಲ್, ಸಂಘದ ಲೆಕ್ಕ ಇಡುತ್ತಿದ್ದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್‌ನ 'ಐಬಿಡೇಟಾ1'. 12 ಎಂಬಿಯಿಂದ ಆರಂಭವಾಗಿ ಅದು ಬೆಳೆಯುತ್ತಲೇ ಹೋಗುತ್ತದೆ, ತಾನಾಗಿ ಕುಗ್ಗುವುದಿಲ್ಲ. ಯಾವ ಕೋಷ್ಟಕದಲ್ಲಿ ಏನಿದೆ ಎಂಬ ಪಟ್ಟಿಯನ್ನು ಹಳೆಯ ಆವೃತ್ತಿಗಳು ಅದರಲ್ಲಿಯೇ ಇಡುತ್ತಿದ್ದವು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಆ ಪಟ್ಟಿ ಬೇರೆಡೆಗೆ ಹೋಯಿತು. ಸಂಘದಲ್ಲಿದ್ದದ್ದು ಹಳೆಯದು.

ಹೆಸರು ಅಳಿದ ಫೈಲನ್ನು ಹುಡುಕಿದ್ದು 'ಪ್ರೋಕ್' ಎಂಬ ಫೋಲ್ಡರಿನಲ್ಲಿ. ಆ ಫೋಲ್ಡರ್ ಡಿಸ್ಕಿನಲ್ಲಿಲ್ಲ. ಕೇಳಿದ ಕ್ಷಣಕ್ಕೆ ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ತೋರಿಸುತ್ತದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಸಂಖ್ಯೆಯಡಿ ಅದು ತೆರೆದ ಫೈಲುಗಳೆಲ್ಲ ಅಲ್ಲಿ ಕಾಣುತ್ತವೆ. ನಮ್ಮದೂ ಕಂಡಿತು, ಪಕ್ಕದಲ್ಲಿ 'ಡಿಲೀಟೆಡ್' ಎಂಬ ಗುರುತಿನೊಂದಿಗೆ. ಕೂಡಲೇ ನಕಲು ಮಾಡುವ ಆತುರ ಸಹಜ, ಆದರೆ ತಪ್ಪು. ಡೇಟಾಬೇಸ್ ತನ್ನ 16 ಕೆಬಿಯ ಪುಟಗಳನ್ನು ಮೊದಲು ಮೆಮೊರಿಯಲ್ಲಿ ತಿದ್ದಿ, ಆಮೇಲೆ ಡಿಸ್ಕಿಗೆ ಬರೆಯುತ್ತದೆ. ನಡುವೆ ನಕಲು ತೆಗೆದರೆ ಅರ್ಧ ಹಳತು, ಅರ್ಧ ಹೊಸತು ಸಿಗುತ್ತದೆ. ಹಾಗಾಗಿ ಹೊಸ ಬರವಣಿಗೆಗೆ ಬೀಗ ಹಾಕಿ, ಬಾಕಿ ಪುಟಗಳ ಎಣಿಕೆ ಸೊನ್ನೆಗೆ ಇಳಿಯುವವರೆಗೆ ಕಾದೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು.

ಎಣಿಕೆ ನಾಲ್ಕು, ಒಂದು, ಸೊನ್ನೆ. ನಕಲು ಮುಗಿಸಿ, ಹಳೆಯ ಜಾಗದಲ್ಲಿ ಹಳೆಯ ಹೆಸರಿನಲ್ಲಿಟ್ಟು ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ, ಅದು ಏಳಲಿಲ್ಲ! ನಕಲು 'ರೂಟ್' ಎಂಬ ಮೇಲಧಿಕಾರದ ಬಳಕೆದಾರನ ಒಡೆತನದಲ್ಲಿತ್ತು, ಡೇಟಾಬೇಸಿಗೆ ಅದನ್ನು ಬಳಸುವ ಅನುಮತಿ ಇರಲಿಲ್ಲ. ಒಡೆತನವನ್ನು ಮೈಎಸ್‌ಕ್ಯುಎಲ್‌ಗೆ ಬದಲಿಸಿ ಮತ್ತೊಮ್ಮೆ ಆರಂಭಿಸಿದಾಗ, ಆ ಸಂಜೆ ಅಳೆದ ಹಾಲಿನ ಕೊನೆಯ ಲೀಟರಿನವರೆಗೂ ಲೆಕ್ಕ ತೆರೆಯ ಮೇಲಿತ್ತು.